ಕುಳಗೇರಿ ಕ್ರಾಸಿನಿಂದ ಕೂಡಲಸಂಗಮಕ್ಕೆ: ಮಲಪ್ರಭೆಯ ದಂಡೆಗುಂಟ ಮೂರು ದಿನ

ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯಲ್ಲಿ ಓಡಾಡುವವರಿಗೆ ಕುಳಗೇರಿ ಕ್ರಾಸ್ ಎಂದರೆ ಬಸ್ ನಿಲ್ಲುವ ಜಾಗ, ಒಂದು ಕಪ್ ಚಹಾ, ಬಿಸಿ ಮಿರ್ಚಿ. ಬಾದಾಮಿಗೆ ಹೋಗುವವರು ಇಲ್ಲಿ ಇಳಿದು ಇನ್ನೊಂದು ಬಸ್ ಹಿಡಿಯುತ್ತಾರೆ. ದೂರ ಸುಮಾರು 25 ಕಿ.ಮೀ. ನಮ್ಮ ಬಾಗಲಕೋಟೆ ಜಿಲ್ಲೆಗೆ ಸಮುದ್ರದ ದಂಡೆ ಇಲ್ಲ. ಆದರೆ ಮಲಪ್ರಭೆಯ ದಂಡೆ ಇದೆ. ಈ ಹೊಳೆಗುಂಟ ಗುಡ್ಡ, ಕೊಳ್ಳ, ಬುಗ್ಗೆ, ಬಂಡೆಗವಿ, ಚಾಲುಕ್ಯರ ಗುಡಿ ಎಲ್ಲವೂ ಒಂದರ ಪಕ್ಕ ಒಂದು ಕೂತಿವೆ.

ಬಹಳ ಜನ ಇದನ್ನು ಒಂದೇ ದಿನದಲ್ಲಿ ಮುಗಿಸುತ್ತಾರೆ. ಕಾರಿನಲ್ಲಿ ಬಂದು ಬಾದಾಮಿಗೆ ಎರಡು ತಾಸು, ಪಟ್ಟದಕಲ್ಲಿಗೆ ಒಂದು ತಾಸು ಕೊಟ್ಟು, ಕತ್ತಲಾಗುವುದರೊಳಗೆ ಐಹೊಳೆ ಮುಟ್ಟುತ್ತಾರೆ. ಮನೆಗೆ ಹೋಗಿ ಫೋಟೊ ನೋಡಿದರೆ ಯಾವ ಗುಡಿ ಯಾವ ಊರಿನದು ಎಂದು ಗೊತ್ತಾಗುವುದಿಲ್ಲ. ಹೊಳೆಯನ್ನಂತೂ ಅವರು ನೋಡಿಯೇ ಇರುವುದಿಲ್ಲ. ಈ ಗುಡಿಗಳು ಇಲ್ಲೇ ಏಕೆ ಎದ್ದವು ಎಂಬುದಕ್ಕೆ ಉತ್ತರ ಇಲ್ಲಿನ ಕಲ್ಲು ಮತ್ತು ನೀರಿನಲ್ಲಿದೆ. ಅದಕ್ಕೇ ಮೂರು ದಿನ ಕೊಡಿ ಎನ್ನುತ್ತೇನೆ.

ಹೊರಡುವ ಮುನ್ನ

ಮಲಪ್ರಭೆ ಹುಟ್ಟುವುದು ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಅದಕ್ಕೆ ಅಣೆಕಟ್ಟು ಕಟ್ಟಲಾಗಿದೆ. ಆದ್ದರಿಂದ ಬಾದಾಮಿಯಲ್ಲಿ ಹನಿ ಮಳೆ ಇಲ್ಲದಿದ್ದರೂ ಮೇಲಿನಿಂದ ನೀರು ಬಿಟ್ಟರೆ ಇಲ್ಲಿ ಹೊಳೆ ಏರುತ್ತದೆ. 2009ರಲ್ಲೂ 2019ರ ಆಗಸ್ಟ್‌ನಲ್ಲೂ ಈ ಭಾಗ ಪ್ರವಾಹ ಕಂಡಿದೆ. 2019ರಲ್ಲಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ನೀರು ನುಗ್ಗಿತ್ತು. ಜುಲೈನಿಂದ ಅಕ್ಟೋಬರ್ ಮೊದಲ ವಾರದವರೆಗೆ ಬರುವವರು ಅಣೆಕಟ್ಟಿನಿಂದ ನೀರು ಬಿಡುವ ಸುದ್ದಿ ಇದೆಯೇ ಎಂದು ಪತ್ರಿಕೆ ನೋಡಿಯೇ ಹೊರಡಿ.

ನಡೆದು ನೋಡಲು ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಜಲಪಾತ ಬೇಕೆಂದರೆ ಮಳೆಗಾಲದಲ್ಲೇ ಬರಬೇಕು. ಏಪ್ರಿಲ್, ಮೇ ಬೇಡ. ಗುಡಿಯ ಅಂಗಳದಲ್ಲಿ ಬರಿಗಾಲು ಊರಲಾಗದಷ್ಟು ಕಲ್ಲು ಕಾಯುತ್ತದೆ.

ಕೈಚೀಲದಲ್ಲಿ ಇರಬೇಕಾದದ್ದು ಸ್ವಲ್ಪವೇ: ತಲಾ ಎರಡು ಲೀಟರ್ ನೀರು, ಟೋಪಿ ಅಥವಾ ಟವೆಲ್, ಜಾರದ ಚಪ್ಪಲಿ, ಒಂದು ಬ್ಯಾಟರಿ. ಬ್ಯಾಟರಿ ಮರೆಯಬೇಡಿ. ಗುಡಿಗಳ ನವರಂಗದಲ್ಲಿ ನಡು ಹಗಲಲ್ಲೂ ಕತ್ತಲು. ಬೆಳಕನ್ನು ಒಂದು ಬದಿಯಿಂದ ಓರೆಯಾಗಿ ಹಿಡಿದರೆ ಕಂಬದ ಮೇಲಿನ ಸಣ್ಣ ಕೆತ್ತನೆ ಎದ್ದು ಕಾಣುತ್ತದೆ. ತಿಂಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕೈಯಲ್ಲಿ ಹಿಡಿದು ಹೋಗಬೇಡಿ. ಬಾದಾಮಿಯ ಮಂಗಗಳು ಚೀಲದ ಸಪ್ಪಳ ಗುರುತಿಸುತ್ತವೆ.

ವಾಹನ ಇಲ್ಲದಿದ್ದರೂ ಚಿಂತೆ ಬೇಡ. ಸರ್ಕಾರಿ ಬಸ್ಸು, ಟಂಟಂ ಎರಡೂ ಸಿಗುತ್ತವೆ. ಶಕ್ತಿ ಯೋಜನೆಯಡಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ, ಗುರುತಿನ ಚೀಟಿ ಇದ್ದರಾಯಿತು. ಹಳ್ಳಿ ಮಾರ್ಗದ ಬಸ್ಸುಗಳು ಸಂಜೆಯಾದ ಮೇಲೆ ವಿರಳ. ಇಳಿದ ಕೂಡಲೇ ವಾಪಸ್ ಬಸ್ಸಿನ ಸಮಯವನ್ನು ಕಂಡಕ್ಟರ್ ಅವರನ್ನೇ ಕೇಳಿಕೊಳ್ಳಿ. ಎರಡು ರಾತ್ರಿಯೂ ಬಾದಾಮಿಯಲ್ಲೇ ಉಳಿಯಿರಿ. ಪ್ರವಾಸೋದ್ಯಮ ನಿಗಮದ ಮಯೂರ ಚಾಲುಕ್ಯದಿಂದ ಹಿಡಿದು ಬಸ್ ನಿಲ್ದಾಣದ ಹತ್ತಿರದ ಲಾಡ್ಜ್‌ವರೆಗೆ ಎಲ್ಲ ದರದ ಕೋಣೆಗಳೂ ಇವೆ.

ಮೊದಲ ದಿನ: ಬಾದಾಮಿಯ ಎರಡು ಗುಡ್ಡ, ಒಂದು ಕೆರೆ

ಹೆಚ್ಚಿನವರು ಬಂದ ಕೂಡಲೇ ಬಂಡೆ ಕೊರೆದು ಮಾಡಿದ ಗುಹಾಲಯಗಳ, ಅಂದರೆ ಮೇಣಬಸದಿಗಳ ಮೆಟ್ಟಿಲು ಹತ್ತುತ್ತಾರೆ. ನೀವು ತಿರುವುಮುರುವು ಮಾಡಿ. ಬಿಸಿಲೇರುವ ಮುನ್ನ ಅಗಸ್ತ್ಯ ತೀರ್ಥ ಎಂಬ ಕೆರೆಯ ಉತ್ತರದ ಗುಡ್ಡ ಹತ್ತಿ. ಬುಡದಲ್ಲೇ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಶುಕ್ರವಾರ ಅದಕ್ಕೆ ರಜೆ, ಪ್ರವಾಸದ ದಿನ ಗೊತ್ತುಮಾಡುವಾಗಲೇ ಇದು ನೆನಪಿರಲಿ. ಪಕ್ಕದಿಂದ ಬಾವನ ಬಂಡೆ ಕೋಟೆಗೆ ದಾರಿ. ಎರಡು ಕಡೆ ಕೆಂಪು ಬಂಡೆ ಗೋಡೆಯಂತೆ ನಿಂತ ಇಕ್ಕಟ್ಟಾದ ಸೀಳಿನಲ್ಲಿ ನಡೆಯಬೇಕು. ಈ ಸೀಳು ಯಾರೂ ಕಡಿದದ್ದಲ್ಲ. ಬಂಡೆಯೇ ಬಿರಿದು, ಬಿರುಕನ್ನು ನೀರು ಸವೆಸಿ ಅಗಲ ಮಾಡಿದ್ದು. ಕೋಟೆ ಕಟ್ಟಿದವರು ಅದಕ್ಕೊಂದು ಬಾಗಿಲು ಇಟ್ಟರು, ಅಷ್ಟೆ. ಚಾಲುಕ್ಯ ದೊರೆ ಒಂದನೆಯ ಪುಲಕೇಶಿ ಈ ಊರಿನ ಗುಡ್ಡವನ್ನು ಕೋಟೆ ಮಾಡಿದನೆಂದು ಹೇಳುವ ಬಂಡೆ ಶಾಸನದ ಕಾಲ ಶಕ 465, ಅಂದರೆ ಕ್ರಿ.ಶ. 543. ಮೇಲಿನ ಶಿವಾಲಯ, ಕೆಳಗಿನ ಶಿವಾಲಯ, ಮಾಲೆಗಿತ್ತಿ ಶಿವಾಲಯ ಮೂರೂ ಇದೇ ಬದಿಗೆ.

ಮಧ್ಯಾಹ್ನ ಊಟ ಮುಗಿಸಿ ದಕ್ಷಿಣದ ಗುಡ್ಡದ ಮೇಣಬಸದಿಗಳಿಗೆ ಹೋಗಿ. ಒಳಗೆ ನೆರಳು, ತಂಪು. ಒಂದನೆಯದು ಶಿವನದು, ಹದಿನೆಂಟು ತೋಳಿನ ನಟರಾಜ ಅದರ ಹೊರಬದಿಯಲ್ಲೇ ಇದ್ದಾನೆ. ಎರಡು, ಮೂರು ವಿಷ್ಣುವಿನವು, ನಾಲ್ಕನೆಯದು ಜಿನಾಲಯ. ಮೂರನೆಯದು ಚಾಲುಕ್ಯ ವಂಶದ ಮಂಗಳೇಶ ಮಾಡಿಸಿದ್ದು, ಅಲ್ಲಿನ ಶಾಸನದ ವರ್ಷ ಕ್ರಿ.ಶ. 578.

ಈ ಮೂರನೆಯ ಬಸದಿಯಲ್ಲಿ ಮೂರ್ತಿಗಳನ್ನು ನೋಡಿಯಾದ ಮೇಲೆ ಹತ್ತು ನಿಮಿಷ ಬರೀ ಕಲ್ಲನ್ನು ನೋಡಿ. ಒಂದು ಕಂಬದ ಹತ್ತಿರ, ಮುಟ್ಟದೆ, ಒಂದು ಗೇಣು ದೂರದಲ್ಲಿ ನಿಲ್ಲಿ. ಕೆಂಪು, ಕೆನೆಬಣ್ಣ, ನೇರಳೆ ಪಟ್ಟೆಗಳು ಇಳಕಲ್ ಸೀರೆಯ ಅಂಚಿನಂತೆ ಅಲೆಯಲೆಯಾಗಿ ಸಾಗುತ್ತವೆ. ಕೆತ್ತನೆ ಎಲ್ಲಿ ತಿರುಗಿದರೂ ಪಟ್ಟೆ ತನ್ನ ಪಾಡಿಗೆ ತಾನು ಹೋಗುತ್ತದೆ. ಆಮೇಲೆ ಹೊರಗೆ ಬಂದು ಬರಿಯ ಬಂಡೆಯ ಮೈ ನೋಡಿ. ಅಡ್ಡ ಪದರಗಳ ನಡುವೆ ಸಣ್ಣ ಸಣ್ಣ ಓರೆಗೆರೆಗಳು ಕಾಣುತ್ತವೆ. ಒಂದು ಪದರದಲ್ಲಿ ಒಂದು ಓರೆ, ಅದರ ಮೇಲಿನದರಲ್ಲಿ ಬೇರೊಂದು. ಇದು ಮರಳುಗಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಹರಿಯುವ ನೀರು ಮರಳನ್ನು ತಂದು ಒಟ್ಟಿದ ಗುರುತೇ ಆ ಓರೆಗೆರೆ. ಅಷ್ಟು ಹಳೆಯ ನೀರಿನ ಹಾದಿ ಕಂಬದಲ್ಲಿ ಉಳಿದಿದೆ. ಗ್ರಾನೈಟಿಗಿಂತ ಈ ಕಲ್ಲು ಉಳಿಗೆ ಸುಲಭವಾಗಿ ಬಗ್ಗುತ್ತದೆ, ಪದರ ಹಿಡಿದು ಏಳುತ್ತದೆ. ಚಾಲುಕ್ಯ ಶಿಲ್ಪಿಗಳಿಗೆ ಬೇಕಾಗಿದ್ದೂ ಇಂಥದೇ ಕಲ್ಲು.

ಸಂಜೆ ಐದರ ಹೊತ್ತಿಗೆ ಕೆಳಗಿಳಿದು ಅಗಸ್ತ್ಯ ತೀರ್ಥದ ದಂಡೆ ಹಿಡಿದು ಪೂರ್ವ ತುದಿಯ ಭೂತನಾಥ ಗುಡಿಗೆ ನಡೆಯಿರಿ. ಅದು ಪಶ್ಚಿಮಕ್ಕೆ, ಕೆರೆಗೆ ಮುಖ ಮಾಡಿದೆ. ಮುಳುಗುವ ಸೂರ್ಯನ ಬೆಳಕು ನೇರ ಅದರ ಮೈಮೇಲೆ ಬೀಳುತ್ತದೆ. ಬಾದಾಮಿಯಲ್ಲಿ ನೋಡಲೇಬೇಕಾದ ಒಂದೇ ಒಂದು ಹೊತ್ತು ಯಾವುದು ಎಂದು ಕೇಳಿದರೆ ಇದನ್ನೇ ಹೇಳುತ್ತೇನೆ. ಮಳೆಗಾಲದಲ್ಲಿ ಬಂದವರಿಗೆ ಗುಡ್ಡದಿಂದ ಧುಮುಕುವ ಅಕ್ಕ-ತಂಗಿ ಜಲಪಾತವೂ ಕಂಡೀತು. ಕೆರೆಯ ಈಶಾನ್ಯಕ್ಕೆ ತಟ್ಟುಕೋಟೆ ಕಡೆಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದ ತ್ರಿಪದಿ ಮೊದಲು ಕಾಣಸಿಗುವುದು ಆ ಬಂಡೆಯ ಮೇಲೆ. ಕನ್ನಡ ಓದಬಲ್ಲವರು ಅಲ್ಲಿಗೆ ಹೋಗದೆ ಬರಬಾರದು.

ಕಾಲಲ್ಲಿ ಕಸುವಿರುವವರು ಇನ್ನೊಂದು ಬೆಳಗು ಸಿಡಿಲಫಡಿಗೆ ಇಡಬಹುದು. ಫಡಿ ಎಂದರೆ ಬಂಡೆಯ ಗವಿ. ಊರಿನಿಂದ ಮೂರು-ನಾಲ್ಕು ಕಿ.ಮೀ. ಕಾಲುದಾರಿ. ಕಮಾನಿನಂತೆ ಬಾಗಿದ ಬಂಡೆಯ ಅಡಿಯಲ್ಲಿ ಇತಿಹಾಸಪೂರ್ವ ಕಾಲದ ಜನ ಬರೆದ ಚಿತ್ರಗಳಿವೆ. ಕುರುಚಲು ಕಾಡಿನಲ್ಲಿ ದಾರಿ ತಪ್ಪುವುದು ಸುಲಭ. ಸ್ಥಳೀಯ ಮಾರ್ಗದರ್ಶಿ ಇಲ್ಲದೆ ಹೋಗಬೇಡಿ. ಚಿತ್ರ ಎದ್ದು ಕಾಣಲೆಂದು ಅದಕ್ಕೆ ನೀರು ಚಿಮುಕಿಸಬೇಡಿ. ಮಾರ್ಗದರ್ಶಿಯೇ ಚಿಮುಕಿಸಹೋದರೂ ತಡೆಯಿರಿ. ಒದ್ದೆಯಾಗಿ ಒಣಗಿದಷ್ಟೂ ಬಣ್ಣ ಮಾಸುತ್ತದೆ.

ಎರಡನೆಯ ದಿನ: ಹೊಳೆ ಉತ್ತರಕ್ಕೆ ತಿರುಗುವ ಊರು

ಪಟ್ಟದಕಲ್ಲು ಬಾದಾಮಿಯಿಂದ 22 ಕಿ.ಮೀ. ಮುಖ್ಯ ಗುಡಿಗಳು ಪೂರ್ವಕ್ಕೆ, ಹೊಳೆಗೆ ಮುಖವಾಗಿವೆ. ಹಾಗಾಗಿ ಬೆಳಗಿನ ಬಿಸಿಲೇ ಸರಿ. ಏಳಕ್ಕೆಲ್ಲ ಅಲ್ಲಿರಿ.

ಟಿಕೆಟ್ ಪಡೆದು ಒಳಗೆ ಹೋದವರು ಗುಡಿಗಳ ಸಾಲನ್ನು ನೋಡಿ ಅದೇ ದಾರಿಯಲ್ಲಿ ಹಿಂದಿರುಗುತ್ತಾರೆ. ನೀವು ಹೊಳೆಯನ್ನೂ ನೋಡಿ. ದಕ್ಷಿಣದಿಂದ ಬಂದ ಮಲಪ್ರಭೆ ಇಲ್ಲಿ ಉತ್ತರಕ್ಕೆ ಹರಿಯುತ್ತದೆ. ಉತ್ತರವಾಹಿನಿ ಪವಿತ್ರ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಚಾಲುಕ್ಯರ ಪಟ್ಟಾಭಿಷೇಕದ ಕ್ಷೇತ್ರವೆಂದು ಹೆಸರಾದದ್ದು ಈ ತಿರುವಿನಲ್ಲಿರುವ ಊರೇ.

ವಿರೂಪಾಕ್ಷ ಗುಡಿಗೆ ಕನಿಷ್ಠ ಒಂದು ತಾಸು ಕೊಡಿ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ್ದು. ಪಕ್ಕದ ಮಲ್ಲಿಕಾರ್ಜುನ ಗುಡಿ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ವಿರೂಪಾಕ್ಷದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರನ್ನು ಅಲ್ಲಿನ ಶಾಸನ ಗೌರವದಿಂದ ಬರೆದಿಟ್ಟಿದೆ. ಕಟ್ಟಿಸಿದವರ ಹೆಸರು ಎಲ್ಲ ಕಡೆ ಇರುತ್ತದೆ. ಕಟ್ಟಿದವನ ಹೆಸರು ಉಳಿದಿರುವುದು ಅಪರೂಪ, ಹುಡುಕಿ ನೋಡಿ. ಒಳಗಿನ ಕಂಬಗಳಲ್ಲಿ ರಾಮಾಯಣ, ಮಹಾಭಾರತದ ಪ್ರಸಂಗಗಳಿವೆ. ನಿಮ್ಮ ಬ್ಯಾಟರಿಗೆ ಕೆಲಸ ಇರುವುದು ಇಲ್ಲೇ. ಉತ್ತರದ ರೇಖಾನಾಗರ ಶಿಖರ, ದಕ್ಷಿಣದ ವಿಮಾನ ಎರಡೂ ಒಂದೇ ಅಂಗಳದಲ್ಲಿ ನಿಂತಿರುವುದು ಈ ಊರಿನ ಹೆಚ್ಚುಗಾರಿಕೆ. ಯುನೆಸ್ಕೊ 1987ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಾಪನಾಥ ಗುಡಿ ಸ್ವಲ್ಪ ದೂರದಲ್ಲಿದೆ ಎಂದು ಬಿಟ್ಟುಬರುವವರೇ ಹೆಚ್ಚು. ಹೊಳೆಯ ಬದಿಯ ದಾರಿಯಲ್ಲಿ ಐದು ನಿಮಿಷ ನಡೆದರೆ ಸಿಗುತ್ತದೆ.

ವಾಪಸ್ ಬರುವಾಗ ಭದ್ರನಾಯಕನ ಜಾಲಿಹಾಳ ಹತ್ತಿರದ ಹುಲಿಗೆಮ್ಮನ ಕೊಳ್ಳಕ್ಕೆ ಹೋಗಿ. ಬಂಡೆಯ ಅಂಚಿನ ಕೆಳಗೆ ಪುಟ್ಟ ಪುಟ್ಟ ಹಳೆಯ ಗುಡಿಗಳು, ಮಳೆ ಬಿದ್ದಾಗ ಅವುಗಳ ಮುಂದೆ ತೆರೆಯಂತೆ ಇಳಿಯುವ ನೀರು. ಜನಜಂಗುಳಿ ಇಲ್ಲದ ಜಾಗ.

ಅಲ್ಲಿಂದ ಮಹಾಕೂಟ. ವಿಷ್ಣು ಪುಷ್ಕರಣಿಯ ನೀರು ನೆಲದೊಳಗಿನ ಬುಗ್ಗೆಯದು. ಸುತ್ತಲಿನ ಮರಳುಗಲ್ಲಿನ ಗುಡ್ಡ ಮಳೆಯ ನೀರನ್ನು ಬಿರುಕುಗಳಲ್ಲಿ ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ಮಂಗಳೇಶನ ಪ್ರಸಿದ್ಧ ಸ್ತಂಭ ಶಾಸನ ಇಲ್ಲಿಯದೇ, ಆದರೆ ಅದನ್ನು ನೋಡಲು ವಿಜಯಪುರದ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಸ್ನಾನ ಮಾಡುವವರು ಸಾಬೂನು ಹಚ್ಚಬೇಡಿ.

ಸಂಜೆಗೆ ಬನಶಂಕರಿ, ಬಾದಾಮಿಯಿಂದ 5 ಕಿ.ಮೀ. ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂತ ತಾಯಂದಿರು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಪುಟ್ಟ ಗಡಿಗೆಯ ಕೆನೆಮೊಸರು ಕೊಡುತ್ತಾರೆ. ಅಲ್ಲೇ ಕೂತು ಉಣ್ಣಿ. ಪುಷ್ಯ ಮಾಸದ ಬನದ ಹುಣ್ಣಿಮೆಯ ಜಾತ್ರೆ ಸಮಯದಲ್ಲಿ ಬರುವುದಾದರೆ ಕೋಣೆಯನ್ನು ಮೊದಲೇ ಕಾದಿರಿಸಬೇಕು. ಹೊತ್ತು ಉಳಿದರೆ ಮಲಪ್ರಭೆಯ ದಂಡೆಯ ಶಿವಯೋಗಮಂದಿರಕ್ಕೂ ಹೋಗಿ. ಹಾನಗಲ್ ಕುಮಾರ ಶಿವಯೋಗಿಗಳು 1909ರಲ್ಲಿ ಕಟ್ಟಿದ ಸಂಸ್ಥೆ ಅದು.

ಮೂರನೆಯ ದಿನ: ಐಹೊಳೆ, ನಂತರ ಸಂಗಮ

ಕೋಣೆ ಖಾಲಿ ಮಾಡಿ ಬೆಳಗಿನ ಬಸ್ ಹಿಡಿಯಿರಿ. ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ, ಎಲ್ಲವನ್ನೂ ನೋಡುತ್ತೇನೆಂದು ಹೊರಟರೆ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ನಾಲ್ಕು ಸಾಕು: ದುರ್ಗದ ಗುಡಿ, ಲಾಡಖಾನ್, ರಾವಳಫಡಿ, ಮೇಗುತಿ. ದುರ್ಗದ ಗುಡಿ ದುರ್ಗಾದೇವಿಯದಲ್ಲ. ಕೋಟೆಯ, ಅಂದರೆ ದುರ್ಗದ ಪಕ್ಕ ಇದ್ದುದಕ್ಕೆ ಆ ಹೆಸರು.

ಮೇಗುತಿಗೆ ಮೆಟ್ಟಿಲಿವೆ, ಹತ್ತಿ. ರವಿಕೀರ್ತಿ ಬರೆದ ಇಮ್ಮಡಿ ಪುಲಕೇಶಿಯ ಪ್ರಶಸ್ತಿ ಶಾಸನ ಈ ಜಿನಾಲಯದ ಗೋಡೆಯಲ್ಲಿದೆ, ಕಾಲ ಕ್ರಿ.ಶ. 634. ಗುಡಿಯ ಹಿಂಬದಿಗೆ ಗುಡ್ಡದ ಮೇಲೆ ಇನ್ನಷ್ಟು ನಡೆದರೆ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಶಿಲಾಸಮಾಧಿಗಳು ಸಿಗುತ್ತವೆ. ಊರವರು ಮೊರೇರ ಅಂಗಡಿ ಎನ್ನುತ್ತಾರೆ. ಚಾಲುಕ್ಯರಿಗಿಂತಲೂ ಎಷ್ಟೋ ಶತಮಾನ ಹಿಂದಿನವು. ಅಲ್ಲಿ ನಿಂತು ನೋಡಿದರೆ ಹೊಳೆ, ಹೊಲ, ಊರು, ಗುಡಿ ಎಲ್ಲ ಒಂದೇ ನೋಟದಲ್ಲಿ ಬರುತ್ತವೆ. ಸಮಯವಿದ್ದವರು ಹತ್ತಿರದ ಸಿದ್ದನಕೊಳ್ಳಕ್ಕೂ ಹೋಗಬಹುದು.

ಐಹೊಳೆಯಿಂದ ಅಮೀನಗಡ ಹತ್ತಿರ. ಕರದಂಟು ಕಟ್ಟಿಸಿಕೊಂಡು ಕೂಡಲಸಂಗಮದ ಬಸ್ ಹತ್ತಿ. ಮಲಪ್ರಭೆ ಕೃಷ್ಣೆಯನ್ನು ಸೇರುವುದು ಅಲ್ಲಿ, ಬಸವಣ್ಣನವರ ಐಕ್ಯಸ್ಥಳವೂ ಅದೇ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಅಲ್ಲಿಯವರೆಗೂ ನಿಲ್ಲುತ್ತದೆ. ಆದ್ದರಿಂದ ಐಕ್ಯಮಂಟಪದ ಸುತ್ತ ಬಾವಿಯಂಥ ಗೋಡೆ ಎಬ್ಬಿಸಿ, ಒಳಗೆ ಮೆಟ್ಟಿಲಿಳಿದು ಹೋಗುವಂತೆ ಮಾಡಿದ್ದಾರೆ. ನೀರು ಆಳವಿದೆ. ಮೆಟ್ಟಿಲು ದಾಟಿ ಈಜಲು ಇಳಿಯಬೇಡಿ, ಮಕ್ಕಳ ಕೈ ಬಿಡಬೇಡಿ.

ಕೊನೆಗೊಂದು ಕಳಕಳಿಯ ಮಾತು. ಮಿಂದ ಬಟ್ಟೆ, ಹೂವಿನ ಪ್ಲಾಸ್ಟಿಕ್ ಚೀಲ, ಊಟದ ತಟ್ಟೆ ಯಾವುದನ್ನೂ ಹೊಳೆಗೆ ಬಿಡಬೇಡಿ. ಮರಳುಗಲ್ಲು ಸವೆಯುವ ಕಲ್ಲು, ಅದರ ಮೇಲೆ ಹೆಸರು ಗೀಚಬೇಡಿ. ಗೀಚುವವರು ಕಂಡರೆ ಸುಮ್ಮನೆ ದಾಟಿ ಹೋಗಬೇಡಿ, ನಿಂತು ಬೇಡವೆಂದು ಹೇಳಿ.