ದನಿ ಕಡಿಯುವುದು ಅಪ್‌ಲೋಡ್ ಸಾಲಿನಲ್ಲಿ

ಇಂಟರ್‌ನೆಟ್ ಕರೆಗೆ ಬೇಕಾದ ವೇಗ ಅಲ್ಪ, ದನಿಯನ್ನು ದತ್ತಾಂಶವಾಗಿಸುವ ಹಳೆಯ ಜಿ.711 ವಿಧಾನಕ್ಕೂ ಒಂದು ದಿಕ್ಕಿಗೆ ಸೆಕೆಂಡಿಗೆ 100 ಕಿಲೋಬಿಟ್ ಸಾಕು. ದನಿ ಕಡಿಯುವುದಕ್ಕೆ ಹೆಚ್ಚಾಗಿ ಕಾರಣ ಅಪ್‌ಲೋಡ್. ಉದಾಹರಣೆಗೆ, ಚನ್ನಪಟ್ಟಣದ ಮನೆಯೊಂದರಲ್ಲಿ ಒಬ್ಬರು ಗೊಂಬೆಗಳ ವಿಡಿಯೊವನ್ನು ವ್ಯಾಪಾರಿಗೆ ಕಳಿಸುತ್ತಿರುವಾಗ ರೂಟರ್‌ನಲ್ಲಿ ದತ್ತಾಂಶ ಸಾಲುಗಟ್ಟುತ್ತದೆ. ಮಾತಿನ ಪುಟ್ಟ ತುಣುಕುಗಳು, ಲಾರಿಗಳ ಹಿಂದೆ ಸಿಕ್ಕಿಕೊಂಡ ಸೈಕಲ್ಲಿನಂತೆ, ಅಲ್ಲೇ ಕಾಯುತ್ತವೆ. ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡ್ ದಾಟಿ ಬೆಳೆದಷ್ಟೂ ಮಾತಿಗೆ ಮಾತು ಅಡ್ಡ ಬರುತ್ತದೆ.

ರೂಟರ್‌ನಲ್ಲಿ ಆದ್ಯತೆ ನಿಗದಿಪಡಿಸುವ ‘ಕ್ಯುಒಎಸ್’ ಸೌಲಭ್ಯ ಇದ್ದರೆ ಅಪ್‌ಲೋಡ್ ಮಿತಿಯನ್ನು ಅಳೆದ ವೇಗದ ಶೇ 85ರಷ್ಟಕ್ಕೆ ಇಟ್ಟು, ಕರೆಗೆ ಆದ್ಯತೆ ಕೊಡಬೇಕು. ಅಗ್ಗದ ರೂಟರ್‌ಗಳಲ್ಲಿ ಹಲವಕ್ಕೆ ಈ ಭಾಗ್ಯವಿಲ್ಲ. ಅಲ್ಲಿ ಫೋಟೊ ಬ್ಯಾಕಪ್ಪಿನಂಥ ದೊಡ್ಡ ಅಪ್‌ಲೋಡ್‌ಗಳನ್ನು ರಾತ್ರಿಗೆ ದೂಡುವುದೇ ಮದ್ದು. ಮಾಗಡಿ, ಕನಕಪುರದ ದಪ್ಪ ಗೋಡೆಯ ಹಳೆ ಮನೆಗಳಲ್ಲಿ ವೈಫೈ ಸೊರಗಿ ದನಿ ಕಡಿಯುತ್ತಿದ್ದರೆ ರೂಟರನ್ನು ನಡುಮನೆಗೆ ತರಬೇಕು. ಇಷ್ಟನ್ನು ಮಾಡದೆ ದುಬಾರಿ ಪ್ಲಾನ್ ಹಾಕಿಸುವುದು ದಂಡ.