ಭಾಗಶಃ ಬೆಂಕಿ ನಷ್ಟ: ಪರಿಹಾರ ಕಡಿಮೆಯಾಗುವುದೇಕೆ?



ಬಂಗಾರಪೇಟೆ ಜಂಕ್ಷನ್ ಬಳಿ ಸದಸ್ಯರೊಬ್ಬರ ಅಡಿಕೆ ಗೋದಾಮು ಇದೆ ಎಂದಿಟ್ಟುಕೊಳ್ಳೋಣ. ಸರಕಿನ ಬೆಲೆ 4 ಲಕ್ಷ ರೂಪಾಯಿ. ವಿಮೆ 2 ಲಕ್ಷಕ್ಕೆ ಮಾತ್ರ. ಬೆಂಕಿಯಲ್ಲಿ 1 ಲಕ್ಷದ ಅಡಿಕೆ ಸುಟ್ಟರೆ ಕೈಗೆ ಬರುವುದು 50 ಸಾವಿರಕ್ಕಿಂತ ಹೆಚ್ಚಿಲ್ಲ. ಅರ್ಧ ಬೆಲೆಗೆ ವಿಮೆ ಮಾಡಿಸಿದವರು ಅರ್ಧ ನಷ್ಟವನ್ನು ತಾವೇ ಹೊರಬೇಕು.

2021ರ ಏಪ್ರಿಲ್ 1ರಿಂದ ಜಾರಿಯಾದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ಕೊರತೆ ಶೇ. 15ರೊಳಗಿದ್ದರೆ ಈ ಕಡಿತವಿಲ್ಲ. ಕೆ.ಜಿ.ಎಫ್.ನಲ್ಲಿ ವಾಸದ ಮನೆಯಿದ್ದವರಿಗೆ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಇಂಥ ಕಡಿತವೇ ಇಲ್ಲ.

ಬೆಂಕಿ ಬಿದ್ದರೆ ಅಗ್ನಿಶಾಮಕ ದಳಕ್ಕೂ ವಿಮಾ ಕಚೇರಿಗೂ ತಕ್ಷಣ ತಿಳಿಸಿ. ಉಳಿದ ಮೂಟೆಗಳನ್ನು ಬೇರೆ ಮಾಡಿ. ಸುಟ್ಟವನ್ನು ಸರ್ವೇಯರ್ ನೋಡುವ ತನಕ ಎಸೆಯಬೇಡಿ.

ದಾಸ್ತಾನು ಪುಸ್ತಕವನ್ನು ಗೋದಾಮಿನಲ್ಲಿಡದೆ ಮನೆಯಲ್ಲಿಡಿ. ಸುಗ್ಗಿಯಲ್ಲಿ ಸರಕು ಹೆಚ್ಚಿದಾಗ ವಿಮೆಯನ್ನೂ ಹೆಚ್ಚಿಸಿಕೊಳ್ಳಿರೆಂದು ನಾವು ಕೋರುತ್ತೇವೆ.