ಗೀರುಬಿದ್ದ ತಟ್ಟೆಯ ಹಾಡು

ಬ್ರಿಸ್ಟಲ್ ನಗರದ ಹೆಸರು ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನಮ್ಮಂಥವರಿಗೆ ಹೊಸದಲ್ಲ. ರಾಜಾ ರಾಮಮೋಹನ ರಾಯರು 1833ರಲ್ಲಿ ಕಾಲವಾದದ್ದು ಅಲ್ಲಿ. ಅವರ ಸಮಾಧಿ ಇರುವುದೂ ಅಲ್ಲಿಯೇ. ಆಫ್ರಿಕದ ಜನರನ್ನು ಗುಲಾಮರನ್ನಾಗಿ ಸಾಗಿಸಿದ ಹಡಗುಗಳು ಹೊರಟ ಬಂದರುಗಳಲ್ಲಿ ಅದೂ ಒಂದೆಂದು ಓದಿದ್ದೇವೆ. ಆದರೆ ಪ್ರಕೃತ ನಾನು ಹೇಳಹೊರಟಿರುವುದು ಆ ಊರಿನ ಬೇರೊಂದು ಸಂಗತಿ. 1994ರ ಆಗಸ್ಟ್ ತಿಂಗಳಲ್ಲಿ ಅಲ್ಲಿಂದ ‘ಡಮ್ಮಿ’ ಎಂಬ ಧ್ವನಿಮುದ್ರಿಕೆಯೊಂದು ಹೊರಬಂದಿತು. ಅದನ್ನು ರಚಿಸಿದವರು ಪೋರ್ಟಿಸ್‌ಹೆಡ್ ಎಂದು ಹೆಸರಿಟ್ಟುಕೊಂಡ ಒಂದು ಜೋಡಿ: ಜೆಫ್ ಬ್ಯಾರೊ ಎಂಬ ತರುಣ ಮತ್ತು ಬೆತ್ ಗಿಬ್ಬನ್ಸ್ ಎಂಬ ಗಾಯಕಿ. ಅದು ಅವರ ಮೊದಲನೆಯ ಮುದ್ರಿಕೆ.

ಸಂಗೀತಶಾಸ್ತ್ರದ ಗಂಧ ನನಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನಮ್ಮ ಮನೆಗೆ ಸಂಗೀತ ಬಂದದ್ದು ಸಂತೆಯಿಂದ, ಅಪ್ಪನ ಮೊಬೈಲಿನ ಮೆಮೊರಿ ಕಾರ್ಡಿನಲ್ಲಿ. ಅಂಗಡಿಯವನು ತುಂಬಿಕೊಟ್ಟದ್ದು ಯಾವುದೋ ಅದೇ ನಮ್ಮ ಸಂಗೀತ. ‘ಡಮ್ಮಿ’ಯನ್ನು ಕೇಳಿದ್ದು ಎರಡನೆಯ ವರ್ಷದಲ್ಲಿ, ಹಾಸ್ಟೆಲಿನ ಗೆಳತಿ ತನ್ನ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗೆ ಸಿಕ್ಕಿಸಿದಾಗ. ಹಾಡಿಗಿಂತ ಮೊದಲು ಕಿವಿಗೆ ಬಿದ್ದದ್ದು ಕರಕರ ಸದ್ದು. “ಇದು ಕೆಟ್ಟಿದೆ ಕಣೇ, ವೈರು ನೋಡು” ಎಂದೆ. ಆಕೆ ನಕ್ಕು, “ಕೆಟ್ಟಿಲ್ಲ, ಕೆಡಿಸಿದ್ದಾರೆ” ಎಂದಳು. ಈ ಲೇಖನವೆಲ್ಲ ಆ ಒಂದು ಮಾತಿನ ವಿವರಣೆಯೆಂದು ವಾಚಕರು ತಿಳಿದರೂ ತಪ್ಪಿಲ್ಲ.

ಈ ಬಗೆಯ ಸಂಗೀತಕ್ಕೆ ಟ್ರಿಪ್ ಹಾಪ್ ಎಂದು ಹೆಸರು. ಇದರ ಮೂಲ 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ ಹುಟ್ಟಿದ ಹಿಪ್ ಹಾಪ್. ವಾದ್ಯಗಳನ್ನು ಕೊಳ್ಳಲು ಶಕ್ತಿಯಿಲ್ಲದ ಹುಡುಗರು ಹಳೆಯ ಗ್ರಾಮಫೋನ್ ತಟ್ಟೆಗಳನ್ನೇ ವಾದ್ಯ ಮಾಡಿಕೊಂಡರು. ಅದು ಬ್ರಿಸ್ಟಲಿಗೆ ಬಂದಾಗ, ಜಮೈಕದಿಂದ ವಲಸೆ ಬಂದಿದ್ದ ಕುಟುಂಬಗಳು ತಮ್ಮೊಡನೆ ತಂದಿದ್ದ ಇನ್ನೊಂದು ಪದ್ಧತಿ ಅಲ್ಲಿ ಆಗಲೇ ಬೇರೂರಿತ್ತು. ಆಳೆತ್ತರದ ಧ್ವನಿಪೆಟ್ಟಿಗೆಗಳನ್ನು ಜೋಡಿಸಿ ಎದೆ ನಡುಗುವಂತೆ ಮಂದ್ರಸ್ವರಗಳನ್ನು ನುಡಿಸುವ ಪದ್ಧತಿ ಅದು. ಎರಡೂ ಕೂಡಿದವು, ಲಯ ನಿಧಾನವಾಯಿತು, ಕುಣಿತಕ್ಕೆ ಹುಟ್ಟಿದ್ದು ಕುಳಿತು ಕೇಳುವುದಾಯಿತು. 1991ರಲ್ಲಿ ಅದೇ ಊರಿನ ಮ್ಯಾಸಿವ್ ಅಟ್ಯಾಕ್ ತಂಡ ತಂದ ‘ಬ್ಲೂ ಲೈನ್ಸ್’ ಈ ಮಾರ್ಗದ ಮೊದಲ ದೊಡ್ಡ ಕೃತಿ. ಟ್ರಿಪ್ ಹಾಪ್ ಎಂಬ ಮಾತು ಮಾತ್ರ 1994ರಲ್ಲಿ ಮಿಕ್ಸ್‌ಮ್ಯಾಗ್ ಎಂಬ ಪತ್ರಿಕೆಯಲ್ಲಿ ಬಳಕೆಗೆ ಬಂತು. ಹೆಸರು ಇಟ್ಟವರಿಗೆ ಒಪ್ಪಿತವಾಯಿತೇ ಹೊರತು ಇಡಿಸಿಕೊಂಡವರಿಗೆ ಅಷ್ಟಾಗಿ ಹಿಡಿಸಲಿಲ್ಲ. ನಮ್ಮಲ್ಲಿ ನವೋದಯ, ನವ್ಯ ಎಂದು ಹಣೆಗೆ ಚೀಟಿ ಅಂಟಿಸಿದಾಗ ಆದದ್ದೂ ಹೆಚ್ಚು ಕಡಿಮೆ ಇದೇ.

ಬ್ಯಾರೊ ಹುಟ್ಟಿದ್ದು 1971ರಲ್ಲಿ. ಬ್ರಿಸ್ಟಲಿನಿಂದ ಸುಮಾರು 8 ಮೈಲಿ ಪಶ್ಚಿಮಕ್ಕೆ, ಸೆವರ್ನ್ ನದಿ ಕಡಲಿಗೆ ಅಗಲವಾಗಿ ತೆರೆದುಕೊಳ್ಳುವ ಕಡೆ ಇರುವ ಪೋರ್ಟಿಸ್‌ಹೆಡ್ ಎಂಬ ಸಣ್ಣ ಊರಿನಲ್ಲಿ ಬೆಳೆದವನಾದ್ದರಿಂದ ತಂಡಕ್ಕೆ ಆ ಹೆಸರು. ‘ಬ್ಲೂ ಲೈನ್ಸ್’ ಮುದ್ರಣವಾದ ಕೋಚ್ ಹೌಸ್ ಸ್ಟುಡಿಯೋದಲ್ಲಿ ಈತ ಟೇಪುಗಳನ್ನು ನೋಡಿಕೊಳ್ಳುವ ಕಿರಿಯ ನೌಕರ. ಚಹ ತಂದುಕೊಡುವುದೂ ಅಂಥ ಕೆಲಸದ ಒಂದು ಭಾಗವೇ. ಗಿಬ್ಬನ್ಸ್ ಈತನಿಗಿಂತ ಆರು ವರ್ಷಕ್ಕೂ ಹೆಚ್ಚು ದೊಡ್ಡವಳು; ಡೆವನ್ ಪ್ರಾಂತದ ಒಕ್ಕಲು ಮನೆತನದಲ್ಲಿ ಬೆಳೆದವಳು. ಇವರಿಬ್ಬರೂ ಭೇಟಿಯಾದ ಸ್ಥಳ ಸಂಗೀತಸಭೆಯಲ್ಲ. ಕೆಲಸವಿಲ್ಲದವರು ಸ್ವಂತ ಉದ್ಯೋಗ ಹೂಡುವುದಕ್ಕೆಂದು ಬ್ರಿಟಿಷ್ ಸರ್ಕಾರ ಪ್ರತಿ ವಾರವೂ ಸ್ವಲ್ಪ ಹಣ ಕೊಡುವ ಯೋಜನೆಯೊಂದನ್ನು ನಡೆಸುತ್ತಿತ್ತು. 1991ರಲ್ಲಿ ಅದರ ತರಬೇತಿಗೆಂದು ಹೋದ ಇಬ್ಬರೂ ಕಾಫಿಯ ಬಿಡುವಿನಲ್ಲಿ ಮಾತಿಗೆ ತೊಡಗಿದರು. ಆಗ ಬ್ಯಾರೊನಿಗೆ ಹತ್ತೊಂಬತ್ತು. ‘ಡಮ್ಮಿ’ ಹೊರಬಂದಾಗ ಇಪ್ಪತ್ತೆರಡು. ಎಂದರೆ ಈ ಸಂಚಿಕೆಯನ್ನು ಓದುತ್ತಿರುವ ನಮ್ಮ ಅಂತಿಮ ತರಗತಿಯವರಿಗಿಂತ ಒಂದೆರಡು ವರ್ಷ ಹಿರಿಯ, ಅಷ್ಟೆ.

ಇನ್ನು ರಚನಾಕ್ರಮ. ಹಳೆಯ ತಟ್ಟೆಯೊಂದರಿಂದ ಕೆಲವು ಕ್ಷಣಗಳ ಸಂಗೀತವನ್ನು ಸ್ಯಾಂಪ್ಲರ್ ಎಂಬ ಯಂತ್ರಕ್ಕೆ ತುಂಬಿ, ಅದು ಮುಗಿದೊಡನೆ ಮತ್ತೆ ಮೊದಲಾಗುವಂತೆ ಮಾಡುತ್ತಾರೆ. ಗಾಣದ ಎತ್ತಿನಂತೆ ಆ ತುಣುಕು ಸುತ್ತುತ್ತಲೇ ಇರುತ್ತದೆ; ಅದರ ಮೇಲೆ ಹೊಸ ಹಾಡು ಏಳುತ್ತದೆ. ‘ಸೌರ್ ಟೈಮ್ಸ್’ ಎಂಬ ಹಾಡಿನಲ್ಲಿ ಸುತ್ತುವುದು ಲಾಲೊ ಶಿಫ್ರಿನ್ 1960ರ ದಶಕದಲ್ಲಿ ‘ಮಿಷನ್ ಇಂಪಾಸಿಬಲ್’ ಎಂಬ ಗೂಢಚಾರರ ಟೆಲಿವಿಷನ್ ಕಥಾಮಾಲೆಗೆ ಸಂಬಂಧಿಸಿ ರಚಿಸಿದ ‘ಡ್ಯಾನ್ಯೂಬ್ ಇನ್ಸಿಡೆಂಟ್’ ಎಂಬ ವಾದ್ಯಸಂಗೀತ. ಅದರಲ್ಲಿ ಸುತ್ತಿಗೆಯಿಂದ ತಂತಿ ಮೀಟಿದಂಥ ಒಂದು ನಾದವಿದೆ. ಪೂರ್ವ ಯೂರೋಪಿನ ಸಿಂಬಲಂ ವಾದ್ಯದ ನಾದವದು. ನಮ್ಮ ಸಂತೂರಿನ ದಾಯಾದಿ. ಗೂಢಚಾರನ ಕಥೆಗೆ ಹುಟ್ಟಿದ ಆ ನಾದ ಗಿಬ್ಬನ್ಸಳ ಕೊರಳಿನ ಕೆಳಗೆ ಬಂದಾಗ, ಯಾರೂ ಪ್ರೀತಿಸದ ಹೆಂಗಸೊಬ್ಬಳು ಕತ್ತಲಲ್ಲಿ ಬೆರಳು ಮಡಿಸಿ ಏನನ್ನೋ ಎಣಿಸುತ್ತಿರುವಂತೆ ಕೇಳುತ್ತದೆ.

‘ಗ್ಲೋರಿ ಬಾಕ್ಸ್’ ಎಂಬ ಕೊನೆಯ ಹಾಡು ಇನ್ನೂ ಒಳ್ಳೆಯ ಉದಾಹರಣೆ. ಅಮೆರಿಕದ ಕಪ್ಪು ಗಾಯಕ ಐಸಾಕ್ ಹೇಯ್ಸ್ 1971ರಲ್ಲಿ ಮುದ್ರಿಸಿದ ಹಾಡೊಂದರಿಂದ, ಮೆಟ್ಟಿಲಿಳಿಯುವಂತೆ ಕೆಳಗಿಳಿಯುವ ಸ್ವರಗಳನ್ನು ಅದಕ್ಕೆ ತೆಗೆದುಕೊಂಡಿದ್ದಾರೆ. ಸ್ವಾರಸ್ಯವೇನೆಂದರೆ, ಬ್ರಿಸ್ಟಲಿನವನೇ ಆದ ಟ್ರಿಕಿ ಎಂಬಾತ 1995ರಲ್ಲಿ ತನ್ನ ಮೊದಲ ಮುದ್ರಿಕೆಯಲ್ಲಿ ಅದೇ ತುಣುಕನ್ನು ಬಳಸಿದ. ಎರಡನ್ನೂ ಒಂದಾದ ಮೇಲೊಂದು ಕೇಳಿರಿ. ಗಿಬ್ಬನ್ಸ್ ಹಾಡುವಾಗ ಆ ಮೆಟ್ಟಿಲು ಪ್ರೀತಿಯಿಂದ ಬೇಸತ್ತವಳು ನಿಧಾನವಾಗಿ ಇಳಿದು ಬರುವ ಮೆಟ್ಟಿಲು. ಟ್ರಿಕಿ ಗೊಣಗುವಾಗ ಅದೇ ಮೆಟ್ಟಿಲು ನೆಲಮಾಳಿಗೆಗೆ ಹೋಗುತ್ತದೆ. ವ್ಯಾಸರ ಕಥೆಯೊಂದೇ, ಪಂಪನ ಕರ್ಣ ಬೇರೆ ಎಂದು ನಮ್ಮ ಕನ್ನಡ ತರಗತಿಯಲ್ಲಿ ಗುರುಗಳು ಹೇಳಿದಾಗ ನನಗೆ ಪೂರ್ತಿ ಅರ್ಥವಾಗಿರಲಿಲ್ಲ. ಅರ್ಥವಾದದ್ದು, ಹೇಳಲು ಸಂಕೋಚವೆನಿಸಿದರೂ, ಈ ಎರಡು ಹಾಡುಗಳಿಂದ.

ಇದು ಕಳವಲ್ಲವೆ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ನಾನು ಹಗುರವಾಗಿ ನೋಡಲಾರೆ, ಕಾರಣವನ್ನು ಹೇಳಿಬಿಡುತ್ತೇನೆ. ಎರಡು ವರ್ಷಗಳ ಹಿಂದೆ ಪ್ರಬಂಧ ಸ್ಪರ್ಧೆಯೊಂದಕ್ಕೆ ಬರೆದು ಕಳಿಸಿದ್ದೆ. ತೀರ್ಪುಗಾರರೊಬ್ಬರು ನನ್ನನ್ನು ಕರೆಸಿ, ಹಾಳೆಯನ್ನು ಮುಂದಿಟ್ಟು, “ಇದು ನಿನ್ನ ಭಾಷೆಯಲ್ಲ, ಎಲ್ಲಿಂದ ಇಳಿಸಿಕೊಂಡೆ?” ಎಂದು ಕೇಳಿದರು. ನಾನು ಅಲ್ಲಿ ಉತ್ತರ ಹೇಳದೆ ಹೊರಗೆ ಬಂದು ಅತ್ತೆ. ಅವರ ಮಾತು ಅರ್ಧ ನಿಜವಾಗಿತ್ತು. ಎರಡು ವಾಕ್ಯಗಳನ್ನು ನಾನು ಓದಿದ ಪುಸ್ತಕದಿಂದ ಹಾಗೆಯೇ ತಂದಿದ್ದೆ, ಹೆಸರು ಹೇಳಿರಲಿಲ್ಲ. ಆದರೆ ಉಳಿದದ್ದು? ನಮ್ಮ ತಾಯಿಗೆ ಅಕ್ಷರ ಬಾರದು. ಅಪ್ಪ ರುಜು ಮಾಡುತ್ತಾರೆ. ‘ಪರಂಪರೆ’, ‘ಪ್ರಜ್ಞೆ’, ‘ಔಚಿತ್ಯ’ ಇಂಥ ಯಾವ ಮಾತೂ ನಮ್ಮ ಅಡಿಗೆಮನೆಯಲ್ಲಿ ಬಳಕೆಯಲ್ಲಿರಲಿಲ್ಲ. ಹಳೆಯ ಪುಸ್ತಕದಂಗಡಿಯಲ್ಲಿ ಅರ್ಧ ಬೆಲೆಗೆ ಕೊಂಡ, ಮತ್ತಾರದೋ ಹೆಸರು ಬರೆದಿರುವ, ಮತ್ತಾರೋ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿರುವ ಪುಸ್ತಕಗಳಿಂದ ಒಂದೊಂದಾಗಿ ತಂದುಕೊಂಡ ಮಾತುಗಳವು. ಆ ಲೆಕ್ಕದಲ್ಲಿ ನಾನು ಬರೆದುದೆಲ್ಲವೂ ಇಳಿಸಿಕೊಂಡದ್ದೇ.

ಆದ್ದರಿಂದ ಬ್ಯಾರೊನ ಲೆಕ್ಕವನ್ನು ಸ್ವಲ್ಪ ಆಸ್ಥೆಯಿಂದಲೇ ನೋಡಿದೆ. ಮೊದಲನೆಯದಾಗಿ, ಶಿಫ್ರಿನ್ ಮತ್ತು ಹೇಯ್ಸರ ಹೆಸರುಗಳು ಆಯಾ ಹಾಡಿನ ಕರ್ತೃಗಳ ಸಾಲಿನಲ್ಲೇ ಇವೆ. ನಾನು ಮಾಡದೆ ಬಿಟ್ಟದ್ದನ್ನು ಅವರು ಮಾಡಿದ್ದಾರೆ. ಎರಡನೆಯದು ಇದಕ್ಕಿಂತ ಮುಖ್ಯವಾದದ್ದು, ಮತ್ತು ಬಹಳ ಮಂದಿ ಗಮನಿಸದೆ ಇರುವುದು. ಈ ಮುದ್ರಿಕೆಯಲ್ಲಿ ಹಳೆಯ ತಟ್ಟೆಯಿಂದ ಬಂದಂತೆ ಕೇಳಿಸುವ ಎಷ್ಟೋ ತುಣುಕುಗಳು ಯಾವ ಹಳೆಯ ತಟ್ಟೆಯಿಂದಲೂ ಬಂದವಲ್ಲ. ಜಾಜ್ ಸಂಗೀತದಲ್ಲಿ ನುರಿತಿದ್ದ ಏಡ್ರಿಯನ್ ಅಟ್ಲಿ ಎಂಬ ಗಿಟಾರ್ ವಾದಕ, ಕ್ಲೈವ್ ಡೀಮರ್ ಎಂಬ ಡ್ರಮ್ ವಾದಕ ಮೊದಲಾದವರು ಸ್ಟುಡಿಯೋದಲ್ಲಿ ಹೊಸದಾಗಿ ನುಡಿಸಿದರು. ಅದನ್ನು ಟೇಪಿಗೆ ಹಿಡಿದು, ಟೇಪಿನಿಂದ ತಟ್ಟೆಗೆ ಅಚ್ಚು ಹಾಕಿಸಿ, ಆ ಹೊಸ ತಟ್ಟೆಗಳನ್ನು ನೆಲಕ್ಕೆ ಹಾಕಿ ತುಳಿದು, ಗೀರು ಬೀಳಿಸಿ, ಧೂಳು ಹಿಡಿಸಿ, ಆಮೇಲೆ ಅವುಗಳ ಮೇಲೆ ಮುಳ್ಳಿಟ್ಟು ತಮ್ಮದೇ ಸಂಗೀತದಿಂದ ತಾವೇ ತುಣುಕು ತೆಗೆದರು. ಕೆಟ್ಟ ಆಂಪ್ಲಿಫೈಯರುಗಳ ಮೂಲಕ ಧ್ವನಿಯನ್ನು ಹಾಯಿಸಿ ಅದನ್ನು ಮತ್ತಷ್ಟು ಸವೆಸಿದರು. (ಅಟ್ಲಿ ಆಗ ಜೋಡಿಯ ಹೊರಗಿನವನು, ಸಹನಿರ್ಮಾಪಕನೆಂದು ಅವನ ಹೆಸರಿದೆ. ಅನಂತರ ಮೂರನೆಯ ಸದಸ್ಯನಾದ. ಅವನಿಲ್ಲದೆ ಈ ಮುದ್ರಿಕೆ ಇಲ್ಲವೆಂದು ನನ್ನ ಅಭಿಪ್ರಾಯ.)

ಇಷ್ಟೆಲ್ಲ ಕಷ್ಟವೇಕೆ? ಸಾಲ ಪಡೆಯುವುದು ಸುಲಭವಾಗಿರುವಾಗ ತಾನೇ ದುಡಿದು ಗಳಿಸಿದ್ದನ್ನು ಸಾಲದಂತೆ ತೋರಿಸುವುದೇಕೆ? ನನಗೆ ತೋರುವುದು ಇಷ್ಟು: ಕೆಲವರು ತಾತನ ಕಾಲದ ಪಿಯಾನೊ ಇರುವ ಮನೆಯಲ್ಲಿ ಹುಟ್ಟುತ್ತಾರೆ. ಟೇಪು ಸುತ್ತುವ ಹುಡುಗನಿಗೆ ಅಂಥ ಹಿಂದಿನದೊಂದು ಇರಲಿಲ್ಲ. ಆದರೆ ಅವನಿಗೆ ಬೇಕಾದ ಹಾಡು, ಬಹಳ ಕಾಲ ಯಾರದೋ ಮನೆಯ ಅಟ್ಟದಲ್ಲಿದ್ದು ಬಂದ ಹಾಡು. ಇಲ್ಲದ ಅಟ್ಟವನ್ನು ಅವನು ಕಾಲಿನಿಂದ ತುಳಿದೇ ಕಟ್ಟಿಕೊಂಡ. ಇಯರ್‌ಫೋನು ಕೆಟ್ಟಿದೆಯೆಂದು ನಾನು ಎಣಿಸಿದ ಆ ಕರಕರ ಸದ್ದು ಅವನು ಸಂಪಾದಿಸಿದ ಆಸ್ತಿ.

ಎಲ್ಲ ಹಾಡುಗಳೂ ಸಮಾನವೆಂದು ಹೇಳಲಾರೆ. ‘ಪೆಡೆಸ್ಟಲ್’ ನನಗೆ ಎಷ್ಟು ಸಲ ಕೇಳಿದರೂ ಮನಸ್ಸಿನಲ್ಲಿ ನಿಲ್ಲಲಿಲ್ಲ. ‘ಬಿಸ್ಕಿಟ್’ನಲ್ಲಿ ಜಾನಿ ರೇ ಎಂಬ ಹಿಂದಿನ ಕಾಲದ ಗಾಯಕನ ದನಿಯನ್ನು ಎಳೆದು ನಿಧಾನ ಮಾಡಿರುವುದು ಭಯವನ್ನೇ ಹುಟ್ಟಿಸುತ್ತದೆ, ರಾತ್ರಿ ಒಬ್ಬರೇ ಕೇಳತಕ್ಕದ್ದಲ್ಲ. ಆದರೆ ‘ರೋಡ್ಸ್’! ನೀರಿನ ಮೇಲಿನ ದೀಪದಂತೆ ನಡುಗುವ ವಿದ್ಯುತ್ ಪಿಯಾನೊ, ಅದರ ಮೇಲೆ ಒಂದು ಹೆಣ್ಣು ದನಿ. ಗಿಬ್ಬನ್ಸ್ ಕೂಗುವುದಿಲ್ಲ. ಅಳು ಗಂಟಲಿನವರೆಗೆ ಬಂದಾಗ ನಮ್ಮ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಳ್ಳುವುದುಂಟು. ಹಾಗೆ ಒತ್ತಿಹಿಡಿದ ದನಿ ಅದು. ನಮ್ಮ ಆಲಂಕಾರಿಕರು ಇದನ್ನು ಕರುಣವೆನ್ನುತ್ತಿದ್ದರೋ ವಿಪ್ರಲಂಭವೆನ್ನುತ್ತಿದ್ದರೋ ಗುರುಗಳು ತೀರ್ಮಾನಿಸಬೇಕು. ಸುತ್ತುವ ತುಣುಕು ಎಂದಿಗೂ ಬದಲಾಗದು; ಅದರ ಮೇಲೆ ಬದಲಾಗುವುದು ಈಕೆಯ ಉಸಿರೊಂದೇ. ಯಂತ್ರದ ಕೈಗೆ ಸಿಕ್ಕ ದುಃಖ ಯಾಂತ್ರಿಕವಾಗದೆ ಉಳಿದದ್ದು ಅದರಿಂದ. ಸಾಹಿತ್ಯವೂ ಈಕೆಯದೇ.

‘ಡಮ್ಮಿ’ಗೆ 1995ರಲ್ಲಿ ಇಂಗ್ಲೆಂಡಿನ ಮರ್ಕ್ಯುರಿ ಪ್ರಶಸ್ತಿ ಬಂತು. ತಂಡ ಆಮೇಲೆ ಪೂರ್ಣ ಮುದ್ರಿಕೆಗಳೆಂದು ಸ್ಟುಡಿಯೋದಿಂದ ಹೊರತಂದದ್ದು ಎರಡೇ, 1997ರಲ್ಲಿ ಒಂದು, 2008ರಲ್ಲಿ ಒಂದು. ಗಿಬ್ಬನ್ಸ್ ಪತ್ರಕರ್ತರೊಡನೆ ಮಾತನಾಡುವುದನ್ನು ಬಹುಮಟ್ಟಿಗೆ ತಪ್ಪಿಸಿಕೊಂಡೇ ಬಂದವಳು. ಆಕೆ 2014ರಲ್ಲಿ ಪೋಲೆಂಡಿನ ದೊಡ್ಡ ವಾದ್ಯವೃಂದವೊಂದರೊಡನೆ ಗೊರೆಟ್ಸ್ಕಿ ಎಂಬ ಪೋಲಿಷ್ ಸಂಗೀತಗಾರನ ಮೂರನೆಯ ಸಿಂಫನಿಯನ್ನು ಹಾಡಿದಳು. 2019ರಲ್ಲಿ ಅದರ ಮುದ್ರಿಕೆ ಬಂತು. ಆಕೆಗೆ ಪೋಲಿಷ್ ಭಾಷೆ ಬರುತ್ತಿರಲಿಲ್ಲ. ಒಂದೊಂದು ಅಕ್ಷರದ ಉಚ್ಚಾರಣೆಯನ್ನೂ ಕಿವಿಯಿಂದ ಕಲಿತು ಹಾಡಿದಳು. ಹಾಸ್ಟೆಲಿನ ಮಹಡಿಯ ಮೇಲೆ ಕುಳಿತು ಅದನ್ನು ನಾನೂ ಗೆಳತಿಯೂ ಕೇಳಿದೆವು. ಇಂಗ್ಲಿಷ್ ಪದ್ಯವನ್ನು ಗಟ್ಟಿಯಾಗಿ ಓದುವಾಗ ನನ್ನ ಉಚ್ಚಾರಣೆಗೆ ಯಾವಾಗಲೂ ನಗುವ ಅವಳು ಆ ದಿನ ಏನೂ ಹೇಳಲಿಲ್ಲ. ಮುಗಿದ ಮೇಲೆ, ಇನ್ನೊಂದು ಸಲ ಹಾಕು ಎಂದಳು.